ಬೇಸಿಗೆ ರಜೆಯ ಏಳು ವಾರ: ಮಕ್ಕಳ ಜೊತೆ ಮುಂಗಾರಿನ ತಯಾರಿ ಹೀಗೆ ಮಾಡ್ರಿ

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ರಜೆ ಬೀಳುತ್ತದೆ. ಮೇ ಕೊನೆಗೆ ಮತ್ತೆ ಶಾಲೆ ಶುರು. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 7-8ಕ್ಕೆ ಮಿರಗ. ಅಂದ್ರೆ ಮಕ್ಕಳು ಮನೆಯಲ್ಲಿರುವ ಏಳು ವಾರ ಮತ್ತು ಹೊಲ ಹದ ಮಾಡಿಕೊಳ್ಳುವ ಏಳು ವಾರ ಎರಡೂ ಒಂದೇ ಹೊತ್ತಿಗೆ ಬರುತ್ತವೆ. ಟ್ರ್ಯಾಕ್ಟರ್ ಬಾಡಿಗೆ, ಬೀಜ, ಸಾಲ ಅಂತ ನಾವು ಓಡಾಡ್ತಾ ಇರ್ತೀವಿ, ಮಕ್ಕಳು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತಿರ್ತಾರೆ. ಸಂಜೆಗೆ ಎಲ್ಲರಿಗೂ ಸಿಟ್ಟು.

ನಮ್ಮದು ಭಾಲ್ಕಿ ತಾಲೂಕು, ಐದು ಎಕರೆ ಮಳೆಯಾಶ್ರಿತ ಕರಿ ಭೂಮಿ. ಸೋಯಾ, ನಡುವೆ ತೊಗರಿ ಸಾಲು, ಒಂದು ಎಕರೆ ಉದ್ದು. ಮಗಳು ಈ ಸಲ ಒಂಬತ್ತನೇ ಕ್ಲಾಸಿಗೆ, ಮಗ ಆರನೇ ಕ್ಲಾಸಿಗೆ. ರಜೆಗೆ ಬೀದರ್ ಸಿಟಿಯಿಂದ ನಾದಿನಿಯ ಎರಡು ಮಕ್ಕಳೂ ಬರ್ತಾರೆ. ನಾಲ್ಕು ಮಕ್ಕಳು, ಅತ್ತೆ, ಒಂದು ಎಮ್ಮೆ, ಎರಡು ಆಕಳು. ಮನೆ ತುಂಬಿರುತ್ತದೆ. ಈ ಬೇಸಿಗೆಗೆ ನಾವು ಹಾಕಿಕೊಂಡ ಯೋಜನೆಯನ್ನು ಇಲ್ಲಿ ಬಿಡಿಸಿ ಹೇಳ್ತೀನಿ. ನಿಮ್ಮ ಮನೆಗೆ ತಕ್ಕಂತೆ ಬದಲಾಯಿಸಿಕೊಳ್ರಿ.

ಮೂಲ ಮಾತು ಇಷ್ಟೇ: ಮಕ್ಕಳಿಗೆ ಹತ್ತು ಕೆಲಸ ಹೇಳಬ್ಯಾಡ್ರಿ. ಒಬ್ಬರಿಗೆ ಒಂದೇ ಕೆಲಸ ಪೂರ್ತಿಯಾಗಿ ಒಪ್ಪಿಸ್ರಿ. ಅದರಿಂದ ಬಂದ ಉತ್ತರದ ಮೇಲೆ ಮನೆಯ ಒಂದು ನಿರ್ಧಾರ ನಿಲ್ಲಬೇಕು. ಆಗ ಮಾತ್ರ ಅವರಿಗೆ ಅದು ಕೆಲಸ ಅನಿಸುತ್ತದೆ, ಇಲ್ಲದಿದ್ದರೆ ಬರೀ ಕಾಟ.

ಮೊದಲು ಕಾನೂನು ಮತ್ತು ಹೊತ್ತು

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯ ಕೆಲಸಕ್ಕೆ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯ ಇಲ್ಲದಿದ್ದರೆ ಮಾತ್ರ ನೆರವಾಗಬಹುದು. 14ರಿಂದ 18 ವರ್ಷದವರನ್ನೂ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಟ್ರ್ಯಾಕ್ಟರ್, ರಾಶಿ ಮಷಿನ್, ಔಷಧ ಹೊಡೆಯೋದು, ಮೋಟಾರಿನ ಕರೆಂಟ್ ಕೆಲಸ ಇವು ನಾಲ್ಕೂ ನಮ್ಮ ಮನೆಯಲ್ಲಿ ಮಕ್ಕಳಿಗೆ ಬಂದ್.

ಹೊತ್ತಿನ ಲೆಕ್ಕವೂ ಸುಲಭ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಹೊಲ. ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಬಿಸಿಲಿಗೆ ಇಳಿಯೋದಿಲ್ಲ, ದೊಡ್ಡವರೂ ಸೇರಿ. ಆ ಹೊತ್ತಿನಲ್ಲಿ ಊಟ, ನಿದ್ದೆ, ಓದು, ಕಾಗದ-ಪತ್ರ. ಸಂಜೆ ಐದರ ಮೇಲೆ ಆಟ. ಹೊಲಕ್ಕೆ ಹೋಗುವಾಗ ನೀರು, ಅಂಬಲಿ ಇಲ್ಲವೇ ಮಜ್ಜಿಗೆ, ತಲೆಗೆ ಟವೆಲ್ ಕಡ್ಡಾಯ. ತಲೆ ಸುತ್ತಿದರೆ, ವಾಂತಿ ಬಂದರೆ ನೆರಳಿಗೆ ಕರೆತಂದು ಮೈ ಒರೆಸಿ, ಓಆರ್‌ಎಸ್ ಕುಡಿಸ್ರಿ. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ತಕ್ಷಣ 108ಕ್ಕೆ ಫೋನ್ ಮಾಡ್ರಿ.

ವಾರ 1 ಮತ್ತು 2: ಮಣ್ಣಿನ ಮಾದರಿ

ತಿಪ್ಪೆ ಗೊಬ್ಬರ ಹೊಲಕ್ಕೆ ಬೀಳುವ ಮೊದಲೇ ಮಣ್ಣು ತೆಗೀಬೇಕು. ಇದನ್ನು ಮಗಳಿಗೆ ಒಪ್ಪಿಸಿದ್ದೀನಿ. ಒಂದು ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 10ರಿಂದ 15 ಕಡೆ ಗುರುತು ಮಾಡೋದು. ಪ್ರತಿ ಕಡೆ ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಒಂದು ಇಂಚು ದಪ್ಪದ ಪದರ ಕೆತ್ತಿ ಪ್ಲಾಸ್ಟಿಕ್ ಬಕೆಟ್‌ಗೆ ಹಾಕೋದು. ಬದುವಿನ ಪಕ್ಕ, ಗಿಡದ ಕೆಳಗೆ, ತಿಪ್ಪೆ ಇದ್ದ ಜಾಗ ಬ್ಯಾಡ.

ಎಲ್ಲ ಮಣ್ಣು ಕಲಸಿ ದುಂಡಗೆ ಹರಡಿ ನಾಲ್ಕು ಪಾಲು ಮಾಡ್ರಿ. ಎದುರು-ಬದುರಿನ ಎರಡು ಪಾಲು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ ಹಾಗೇ ಮಾಡ್ರಿ. ಕೊನೆಗೆ ಅರ್ಧ ಕಿಲೋ ಉಳಿಯಬೇಕು. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ, ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿ ಹಾಕ್ರಿ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಬೀದರ್ ಹತ್ತಿರದ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಕೊಡ್ರಿ. ವರದಿ ಬಂದಾಗ ಅದನ್ನು ಓದಿ ಮನೆಯವರಿಗೆ ಹೇಳೋದೂ ಮಗಳದೇ ಕೆಲಸ. ಈ ವರ್ಷ ಯಾವ ಗೊಬ್ಬರ ಎಷ್ಟು ಚೀಲ ತರಬೇಕು ಅನ್ನೋದು ಆ ವರದಿಯ ಮೇಲೆ.

ವಾರ 3: ಮಳೆ ಅಳತೆ ಡಬ್ಬ

ಇದು ಮಗನ ಪಾಲು. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ, ತಳ ಸಪಾಟಾದ ಡಬ್ಬ ಸಾಕು. ಗಿಡ, ಗೋಡೆಯಿಂದ ದೂರ, ಬಯಲಲ್ಲಿ ಅಲುಗಾಡದಂತೆ ಇಡಬೇಕು. ಮಳೆ ನಿಂತ ಮೇಲೆ ಸ್ಕೇಲ್ ಇಳಿಸಿ ನೋಡಿದರೆ ನೀರು ಎಷ್ಟು ಮಿಲಿಮೀಟರ್ ನಿಂತಿದೆಯೋ ಅಷ್ಟೇ ಮಳೆ. ಬರೆದುಕೊಂಡು ಡಬ್ಬ ಖಾಲಿ ಮಾಡೋದು.

ಇದು ಆಟದ ಹಾಗೆ ಕಾಣಬಹುದು. ಆದರೆ ಸೋಯಾ ಬಿತ್ತಲು ಭೂಮಿಗೆ 75ರಿಂದ 100 ಮಿಲಿಮೀಟರ್ ಮಳೆ ಬಿದ್ದು ಹಸಿ ಆಳಕ್ಕೆ ಇಳಿದಿರಬೇಕು. ರೋಹಿಣಿಯ ಒಂದು ಜೋರು ಮಳೆ ನೋಡಿ ಅವಸರಕ್ಕೆ ಕೂರಿಗೆ ಹೂಡಿದರೆ, ಮುಂದೆ ಎಂಟು ದಿನ ಬಿಸಿಲು ಬಿದ್ದಾಗ ಮೊಳಕೆ ಅಲ್ಲೇ ಸಾಯುತ್ತದೆ. ಎರಡನೇ ಸಲ ಬೀಜ, ಎರಡನೇ ಸಲ ಬಾಡಿಗೆ. ಈ ಸಲ “ನಾಳೆ ಬಿತ್ತಾಮಾ?” ಅಂತ ಕೇಳಿದರೆ ಉತ್ತರ ಆರನೇ ಕ್ಲಾಸಿನ ಹುಡುಗನ ನೋಟ್‌ಬುಕ್ಕಿನಲ್ಲಿ ಇರ್ತದ.

ವಾರ 4: ಬೀಜದ ಮೊಳಕೆ ಪರೀಕ್ಷೆ

ಸೋಯಾ ಬೀಜದ ಸಿಪ್ಪೆ ತೆಳು. ಚೀಲ ಎತ್ತಿ ಒಗೆದರೆ, ಒಂದರ ಮೇಲೊಂದು ಹೆಚ್ಚು ಪೇರಿಸಿದರೆ ಮೊಳಕೆ ಶಕ್ತಿ ಹೋಗುತ್ತದೆ. ಆದ್ದರಿಂದ ಮನೆಯಲ್ಲಿ ಉಳಿಸಿದ ಬೀಜ ಇದ್ದವರು ಮೇ ಮೊದಲ ವಾರದಲ್ಲೇ ಪರೀಕ್ಷೆ ಮಾಡಿಕೊಳ್ಳಬೇಕು. ನಾಲ್ಕೂ ಮಕ್ಕಳು ಸೇರಿ ಮಾಡುವ ಕೆಲಸ ಇದು.

• ಬೇರೆ ಬೇರೆ ಚೀಲದಿಂದ ಬೀಜ ತೆಗೆದು ಕಲಸಿ, ಆರಿಸದೆ 100 ಕಾಳು ಎಣಿಸ್ರಿ. ದಪ್ಪ ಕಾಳನ್ನೇ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ.
• ತೊಯ್ಸಿ ಹಿಂಡಿದ ಗೋಣಿ ಚೀಲದ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಕಾಳು ಇಡ್ರಿ. ಮೇಲೆ ಇನ್ನೊಂದು ಹಸಿ ಗೋಣಿ ಹಾಸಿ ಸುರುಳಿ ಸುತ್ತಿ ನೆರಳಲ್ಲಿ ಇಡ್ರಿ.
• ದಿನಾ ನೀರು ಚಿಮುಕಿಸ್ರಿ, ನೀರು ನಿಲ್ಲಬಾರದು.
• 5ರಿಂದ 7ನೇ ದಿನ ಬಿಚ್ಚಿ, ಬೇರು-ಮೊಳಕೆ ಗಟ್ಟಿಯಾಗಿ ಬಂದವನ್ನಷ್ಟೇ ಎಣಿಸ್ರಿ.

ಪ್ರಮಾಣಿತ ಸೋಯಾ ಬೀಜಕ್ಕೆ ಕನಿಷ್ಠ 70 ಮೊಳಕೆ ಇರಬೇಕು. ಅಷ್ಟು ಬಂದರೆ ನಾವು ಎಕರೆಗೆ 30 ಕಿಲೋ ಹಿಡಿಯುತ್ತೇವೆ. 62 ಮಾತ್ರ ಬಂದರೆ? 30 ಗುಣಿಸು 70, ಭಾಗಿಸು 62. ಸುಮಾರು 34 ಕಿಲೋ. ಮೂರು ಎಕರೆಗೆ 12 ಕಿಲೋ ಹೆಚ್ಚು. 60ರ ಕೆಳಗೆ ಇಳಿದರೆ ಆ ಬೀಜ ಬಿತ್ತಬ್ಯಾಡ್ರಿ, ರೈತ ಸಂಪರ್ಕ ಕೇಂದ್ರದಲ್ಲಿ ಬೇರೆ ಬೀಜಕ್ಕೆ ಈಗಲೇ ವಿಚಾರಿಸ್ರಿ. ಶಾಲೆಯ ಗಣಿತದಲ್ಲಿ ಬರುವ ಅನುಪಾತ ಇಲ್ಲಿ ರೊಕ್ಕದ ಲೆಕ್ಕ ಆಗುತ್ತದೆ.

ಒಂದು ಎಚ್ಚರ: ಅಂಗಡಿಯಿಂದ ಬಂದ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪ ಇರುತ್ತದೆ. ಅದನ್ನು ಮಕ್ಕಳು ಮುಟ್ಟಬಾರದು. ಬೀಜೋಪಚಾರವೂ ದೊಡ್ಡವರ ಕೆಲಸ.

ವಾರ 5: ಕಾಗದ-ಪತ್ರ ಮತ್ತು ಖರ್ಚಿನ ವಹಿ

ಮಧ್ಯಾಹ್ನದ ಹೊತ್ತಿನಲ್ಲಿ ಮಗಳು ಮತ್ತು ನಾನು ಮೊಬೈಲ್ ಹಿಡಿದು ಕೂಡ್ತೀವಿ. ಪಹಣಿಯಲ್ಲಿ ಹೆಸರು, ವಿಸ್ತೀರ್ಣ ಸರಿ ಇದೆಯಾ? ಫ್ರೂಟ್ಸ್ ಐಡಿಗೆ ಎಲ್ಲ ಸರ್ವೆ ನಂಬರ್ ಸೇರಿದೆಯಾ? ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ? ರಿಯಾಯಿತಿ ಬೀಜ ತರುವಾಗ ಫ್ರೂಟ್ಸ್ ಐಡಿ ಕೇಳುತ್ತಾರೆ, ಆ ದಿನ ಸಾಲಿನಲ್ಲಿ ನಿಂತು ಪರದಾಡೋದಕ್ಕಿಂತ ಈಗಲೇ ನೋಡೋದು ಒಳ್ಳೇದು. ಫಸಲ್ ಬಿಮಾದಲ್ಲಿ ಮುಂಗಾರಿನ ಕಾಳು, ಎಣ್ಣೆಕಾಳು ಬೆಳೆಗೆ ರೈತರ ಪಾಲು ವಿಮಾ ಮೊತ್ತದ 2 ಶೇಕಡಾ. ವಿಮಾ ಮೊತ್ತ 20,000 ರೂಪಾಯಿ ಇದ್ದರೆ ನಾವು ಕಟ್ಟೋದು 400. ವಿಮೆಗೆ ಬರೆಸಿದ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಇರಬೇಕು, ಇದನ್ನು ಮರೀಬ್ಯಾಡ್ರಿ.

ಜೊತೆಗೆ ಒಂದು ವಹಿ. ನೇಗಿಲು ಹೊಡೆಸಿದ್ದು, ಕುಂಟೆ, ಬೀಜ, ಗೊಬ್ಬರ, ಕೂಲಿ ಎಲ್ಲವನ್ನೂ ಮಗಳೇ ಬರೀತಾಳೆ. ಮನೆಯ ಸಾಲ ಮಕ್ಕಳಿಗೆ ಗೊತ್ತಾಗಬಾರದು ಅಂತ ನಮ್ಮ ಅತ್ತೆಯವರ ವಾದ: “ಕೂಸುಗಳ ತಲಿಗಿ ಯಾಕ ಭಾರ ಹಾಕ್ತಿ?” ಅವರ ಕಾಳಜಿ ನನಗೂ ತಿಳಿಯುತ್ತದೆ. ಆದ್ದರಿಂದ ಸಾಲದ ಚಿಂತೆ ನಮ್ಮಲ್ಲೇ ಇರಲಿ, ಬೆಳೆಯ ಖರ್ಚು ಮಾತ್ರ ವಹಿಗೆ ಬರಲಿ ಅಂತ ಒಪ್ಪಂದ ಮಾಡಿಕೊಂಡೆವು.

ವಾರ 6: ತಿರುಗಾಟ

ರಜೆ ಅಂದ್ರೆ ಬರೀ ಹೊಲ ಅಲ್ಲ. ಎರಡು ದಿನ ನನ್ನ ತವರು ಔರಾದ್. ಅಲ್ಲಿ ಮಕ್ಕಳಿಗೆ ಒಂದು ಆಟ ಇಟ್ಟಿದ್ದೀನಿ: ಕಂಡ ದೇವಣಿ ದನಗಳ ಬಗೆ ಗುರುತಿಸೋದು. ಮೈ ಬಿಳಿ, ಮುಖದಲ್ಲಿ ಸ್ವಲ್ಪ ಕಪ್ಪು ಇದ್ದರೆ ವಾನೇರಾ. ಬಹುತೇಕ ಬಿಳಿ ಇದ್ದರೆ ಬಾಳಂಕ್ಯಾ. ಕಪ್ಪು-ಬಿಳಿ ಮಚ್ಚೆ ಇದ್ದರೆ ಶೇವರಾ. ಹಾಲಿಗೂ ದುಡಿತಕ್ಕೂ ಬರುವ ಈ ತಳಿಗೆ ಪಕ್ಕದ ಲಾತೂರ್ ಜಿಲ್ಲೆಯ ದೇವಣಿಯ ಹೆಸರು. ನಮ್ಮ ಭಾಲ್ಕಿ ತಾಲೂಕಿನ ಕಟ್ಟಿ ತೂಗಾಂವ್‌ನಲ್ಲಿ ಇದರ ಸಂಶೋಧನಾ ಕೇಂದ್ರವೂ ಇದೆ.

ಒಂದು ದಿನ ಬೀದರ್ ಸಿಟಿ. ಕೋಟೆ, 1472ರ ಮಹಮೂದ್ ಗವಾನ್ ಮದರಸಾ ನೋಡಿ, ನೌಬಾದ್‌ನ ಕರೇಜ್ ತೋರಿಸ್ರಿ. ಬಹಮನಿ ಕಾಲದ, 15ನೇ ಶತಮಾನದ ನೆಲದಡಿಯ ಕಾಲುವೆ ಅದು. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಮಳೆ ನೀರು ಇಂಗಿ ಇಳಿಯುತ್ತದೆ, ಕೆಳಗಿನ ಗಟ್ಟಿ ಕರಿ ಕಲ್ಲಿಗೆ ಬಂದು ನಿಲ್ಲುತ್ತದೆ. ಆ ನೀರನ್ನು ಇಳಿಜಾರಿನ ಸುರಂಗದಿಂದ ಊರಿಗೆ ತಂದಿದ್ದಾರೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಮೇಲಿನ ನೆಲದಲ್ಲಿ ನೀರು ಇಂಗಿದರೆ ಮಾತ್ರ ಕೆಳಗೆ ನೀರು ಅನ್ನೋದು ಅಲ್ಲಿ ನಿಂತರೆ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಬಂದ ಮೇಲೆ ಒಡೆದ ಬದು ನಾವು ಕಟ್ಟುವಾಗ ಯಾಕೆ ಅಂತ ಕೇಳೋದೂ ಇಲ್ಲ.

ವಾರ 7: ಮನೆ ಮತ್ತು ಕೊಟ್ಟಿಗೆ

ಹಪ್ಪಳ, ಸಂಡಿಗೆ, ಶಾವಿಗೆ, ಮಾವಿನಕಾಯಿ ಉಪ್ಪಿನಕಾಯಿ ಮುಗಿಸೋದು. ಮಗನೂ ಅಡುಗೆಮನೆಗೆ ಬರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಬೇವಿನ ಹಣ್ಣು ಉದುರಲು ಶುರುವಾದಾಗ ಆರಿಸಿ ಸಿಪ್ಪೆ ಬಿಡಿಸಿ, ಬೀಜ ನೆರಳಲ್ಲಿ ಒಣಗಿಸಿಡ್ರಿ. 5 ಕಿಲೋ ಬೇವಿನ ಬೀಜದ ತಿರುಳಿನ ಪುಡಿಯಿಂದ 100 ಲೀಟರ್ ಕಷಾಯ ಆಗುತ್ತದೆ, ಎಳೆ ಹುಳಕ್ಕೆ ಅದು ಮೊದಲ ಮದ್ದು.

ಮೂರು ಅಪಾಯ, ಮೂರು ನಿಯಮ

ನೀರು: ರಜೆಯಲ್ಲಿ ಮಕ್ಕಳ ಜೀವಕ್ಕೆ ದೊಡ್ಡ ಗಂಡಾಂತರ ಬಾವಿ ಮತ್ತು ಕೃಷಿ ಹೊಂಡ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಈಜು ಬಂದವರೂ ಹತ್ತಿ ಬರಲಾರರು. ಸುತ್ತ ಬೇಲಿ, ಗೇಟಿಗೆ ಬೀಗ, ದಂಡೆಗೆ ಬಿಗಿದು ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಹಳೇ ಟ್ಯೂಬ್ ಇರಲಿ. ದೊಡ್ಡವರು ಇಲ್ಲದೆ ಮಕ್ಕಳು ಹತ್ತಿರ ಹೋಗಬಾರದು.

ಔಷಧ: ಕೀಟನಾಶಕ, ಕಳೆನಾಶಕ ಎತ್ತರದ ಜಾಗದಲ್ಲಿ ಬೀಗ ಹಾಕಿ ಇಡ್ರಿ. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಎಂದೂ ಸುರಿಯಬ್ಯಾಡ್ರಿ.

ಸಿಡಿಲು: ಮೇ ತಿಂಗಳ ಅಡ್ಡಮಳೆಯಲ್ಲಿ ಗಿಡದ ಕೆಳಗೆ ನಿಲ್ಲಬಾರದು. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಕೂಡಲೇ ಪಕ್ಕಾ ಮನೆಯೊಳಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಮೊಬೈಲಿಗೆ ‘ದಾಮಿನಿ’ ಆ್ಯಪ್ ಹಾಕಿಕೊಂಡರೆ ಸಿಡಿಲಿನ ಮುನ್ಸೂಚನೆ ಸಿಗುತ್ತದೆ, ಹವಾಮಾನಕ್ಕೆ ‘ಮೇಘದೂತ್’ ಇದೆ.

ನನ್ನ ಆಸೆ

ಮಕ್ಕಳು ರೈತರೇ ಆಗಲಿ ಅಂತ ನಾನು ಹಟ ಹಿಡಿದಿಲ್ಲ. ಮಗಳು ನರ್ಸಿಂಗ್ ಅಂತಾಳೆ, ಓದಲಿ. ಆದರೆ ಹೊಲ ಬಿಟ್ಟು ಹೋಗೋದಾದರೂ ಅದರ ಲೆಕ್ಕ ತಿಳಿದು ಹೋಗಲಿ. ಒಂದು ಎಕರೆಗೆ ಎಷ್ಟು ಖರ್ಚು, ಎಷ್ಟು ಮಳೆ ಬೇಕು, ಯಾವ ಬೀಜ ಮೊಳೆಯುತ್ತದೆ ಅಂತ ಗೊತ್ತಿರುವವರು ನಾಳೆ ಊರಲ್ಲಿದ್ದರೂ, ಹೈದರಾಬಾದ್‌ನಲ್ಲಿದ್ದರೂ ಈ ಭೂಮಿಯನ್ನು ಕಣ್ಣು ಮುಚ್ಚಿ ಮಾರೋದಿಲ್ಲ, ಕಣ್ಣು ಮುಚ್ಚಿ ಸಾಲ ಮಾಡಿ ಬಿತ್ತೋದೂ ಇಲ್ಲ.

ಏಳೂ ವಾರದ ಕೆಲಸ ನಿಮಗೆ ಹೆಚ್ಚೆನಿಸಿದರೆ ಎರಡು ಮಾತ್ರ ಆರಿಸಿಕೊಳ್ರಿ: ಮೊಳಕೆ ಪರೀಕ್ಷೆ ಮತ್ತು ಮಳೆ ಡಬ್ಬ. ಎರಡಕ್ಕೂ ಖರ್ಚಿಲ್ಲ. ಬೆಳೆಯ ಬಗ್ಗೆ ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡ್ರಿ, ಕನ್ನಡದಲ್ಲೇ ಮಾತಾಡಬಹುದು. ಫೋನನ್ನು ಮಕ್ಕಳ ಕೈಗೆ ಕೊಟ್ಟು ಅವರಿಂದಲೇ ಕೇಳಿಸ್ರಿ.