ಮನೆಯ ಎಸ್‌ಪ್ರೆಸ್ಸೋಗೆ ತಕ್ಕಡಿ ಬೇಕೇ? ಬೇಕಾದರೆ ಎಂಥದ್ದು?

ಮೂಡಿಗೆರೆಯ ನಮ್ಮ ಭಾವ ಪುಣೆಗೆ ಬಂದಾಗಲೆಲ್ಲ ತಮ್ಮ ತೋಟದ ಅರೇಬಿಕಾ ಬೀಜವನ್ನು ಹುರಿಸಿಕೊಂಡು ತರುತ್ತಾರೆ. ಕಳೆದ ವರ್ಷ ಮನೆಗೆ ಸಣ್ಣದೊಂದು ಎಸ್‌ಪ್ರೆಸ್ಸೋ ಯಂತ್ರ ತಂದವನು ಆ ಬೀಜ ಹಾಕಿಯೇ ಶುರು ಮಾಡಿದೆ. ಒಂದು ದಿನ ಕಾಫಿ ಹುಳಿ, ಮರುದಿನ ಕಹಿ, ಮೂರನೇ ದಿನ ಅದ್ಭುತ, ನಾಲ್ಕನೇ ದಿನ ಮತ್ತೆ ಹುಳಿ. ವಾರ ಕಳೆದ ಮೇಲೆ ಭಾವನಿಗೆ ಫೋನ್ ಮಾಡಿ, "ಈ ಸಲ ಹುರಿದದ್ದು ಒಂದೇ ಸಮ ಆಗಿಲ್ಲ ಅನ್ಸುತ್ತೆ" ಎಂದುಬಿಟ್ಟೆ. "ಹೌದಾ, ನೋಡ್ತೀನಿ" ಎಂದರು, ಅಷ್ಟೆ.

ಬೀಜ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಅಳತೆ. ಕುಣಿಯಲು ಬಾರದವರಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಹಾಗಾಗಿತ್ತು. ನಿಮ್ಮ ಮನೆಗೂ ಈ ಯಂತ್ರ ಬಂದಿದ್ದರೆ, ಬೀಜವನ್ನು ಬೈಯುವ ಮೊದಲು ತಕ್ಕಡಿಯನ್ನು ಒಮ್ಮೆ ನೋಡಿ.

ಅಮ್ಮನಿಗೆ ಬೇಡದ್ದು ನಮಗೇಕೆ?

ಅಮ್ಮ ಇವತ್ತಿಗೂ ಚಮಚದಲ್ಲಿ ಅಳೆದು ಫಿಲ್ಟರಿಗೆ ಪುಡಿ ಹಾಕುತ್ತಾಳೆ. ಒಂದು ದಿನವೂ ಕೆಟ್ಟಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಪಾಡಿಗೆ ನಿಧಾನವಾಗಿ ಇಳಿಯುತ್ತದೆ. ಸ್ವಲ್ಪ ಗಟ್ಟಿಯಾದರೆ ಹಾಲು ಜಾಸ್ತಿ, ತೆಳುವಾದರೆ ಹಾಲು ಕಡಿಮೆ. ಎಸ್‌ಪ್ರೆಸ್ಸೋದಲ್ಲಿ ಆ ರಿಯಾಯಿತಿ ಇಲ್ಲ. ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಪುಡಿಯ ತೆಳು ಪದರವನ್ನು 25–30 ಸೆಕೆಂಡಿನಲ್ಲಿ ದಾಟಿ ಬರಬೇಕು. ಪುಡಿ ಅರ್ಧ ಗ್ರಾಂ ಹೆಚ್ಚಾದರೂ ನೀರು ತಡೆದು ನಿಲ್ಲುತ್ತದೆ, ಕಡಿಮೆಯಾದರೆ ಸರ್ರನೆ ಇಳಿದುಬಿಡುತ್ತದೆ. ಮೊದಲನೆಯದಕ್ಕೆ ಕಹಿ, ಎರಡನೆಯದಕ್ಕೆ ಹುಳಿ.

ಸಾಮಾನ್ಯವಾಗಿ ಹೇಳುವ ಲೆಕ್ಕ ಒಂದಕ್ಕೆ ಎರಡು. 18 ಗ್ರಾಂ ಪುಡಿ ಹಾಕಿದರೆ ಲೋಟಕ್ಕೆ 36 ಗ್ರಾಂ ಕಾಫಿ. ಇದನ್ನು ಮಿಲಿಲೀಟರಿನಲ್ಲಿ ಅಳೆದರೆ ಮೋಸ ಹೋಗುತ್ತೇವೆ, ಏಕೆಂದರೆ ಮೇಲಿನ ನೊರೆ ಬೀಜ ಎಷ್ಟು ಹೊಸದು ಎಂಬುದರ ಮೇಲೆ ಏರುಪೇರಾಗುತ್ತದೆ. ಹೊಸದಾಗಿ ಹುರಿದ ಬೀಜದಲ್ಲಿ ಲೋಟ ಬೇಗ ತುಂಬಿದಂತೆ ಕಾಣುತ್ತದೆ, ಕೆಳಗೆ ಕಾಫಿ ಕಡಿಮೆ ಇರುತ್ತದೆ. ತೂಕಕ್ಕೆ ಈ ತೊಂದರೆಯಿಲ್ಲ.

ನನ್ನ ತಕ್ಕಡಿಯ ಕಥೆ

ಮನೆಯಲ್ಲಿದ್ದದ್ದು ಕೇಕಿಗೆಂದು ತಂದ ಅಡುಗೆಮನೆ ತಕ್ಕಡಿ. ಅದು ತೋರಿಸುವುದು ಪೂರ್ಣ ಗ್ರಾಂ ಮಾತ್ರ. ಅದರಲ್ಲಿ 18 ಎಂದರೆ 17.5 ಇರಬಹುದು, 18.4 ಕೂಡ ಇರಬಹುದು. ಹಿಟ್ಟಿಗೆ ಇದು ಏನೂ ಅಲ್ಲ, ಎಸ್‌ಪ್ರೆಸ್ಸೋಗೆ ಇದು ಎರಡು ಬೇರೆ ಕಾಫಿ. ಆಫೀಸಿನ ಗೆಳೆಯನೊಬ್ಬನ ಪಾಕೆಟ್ ತಕ್ಕಡಿ ತಂದು ಪಕ್ಕದಲ್ಲಿಟ್ಟು ತೂಗಿದಾಗಲೇ ವಿಷಯ ಅರ್ಥವಾಯಿತು. ನಾನು ದಿನವೂ ಒಂದೇ ಎಂದುಕೊಂಡಿದ್ದ ಅಳತೆ ದಿನವೂ ಬೇರೆಯಾಗಿತ್ತು.

ಕೊಳ್ಳುವಾಗ ಏನು ನೋಡಬೇಕು?

ಮೊದಲನೆಯದು 0.1 ಗ್ರಾಂ. ಇದರಲ್ಲಿ ರಾಜಿ ಬೇಡ. 0.01 ಗ್ರಾಂ ತೋರಿಸುವವೂ ಇವೆ, ಆದರೆ ಕಾಫಿಗೆ ಅಷ್ಟು ಬೇಕಿಲ್ಲ. ಫ್ಯಾನ್ ಗಾಳಿಗೂ ಆ ಅಂಕಿ ಕುಣಿಯುತ್ತಿರುತ್ತದೆ.

ಆ 0.1 ಎಲ್ಲಿಯವರೆಗೆ ಎಂಬುದನ್ನೂ ಓದಿ. ಉದಾಹರಣೆಗೆ ಹ್ಯಾರಿಯೋ ಕಂಪನಿಯ ಹಳೆಯ ವಿ60 ಡ್ರಿಪ್ ತಕ್ಕಡಿ 200 ಗ್ರಾಂವರೆಗೆ 0.1, ಅಲ್ಲಿಂದ 500ರವರೆಗೆ 0.5, ಅದರ ಮೇಲೆ 1 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದನ್ನು ಮಾಡಿದ್ದೇ ಸುರಿದು ಸೋಸುವ ಕಾಫಿಗೆ, ಅಲ್ಲಿ ಅಷ್ಟು ಸಾಕು. 200 ಗ್ರಾಂ ಮಿತಿಯ ಪಾಕೆಟ್ ತಕ್ಕಡಿಯ ಮೇಲೆ ದಪ್ಪ ಪಿಂಗಾಣಿ ಮಗ್ ಇಟ್ಟರೆ ಅಲ್ಲಿಗೇ ಮಿತಿ ಮುಗಿಯಬಹುದು. ಪುಡಿ ತುಂಬುವ ಹಿಡಿಕೆಯನ್ನೇ ಇಟ್ಟು ತೂಗುವುದಾದರೆ ಅದೇ ಅರ್ಧ ಕಿಲೋ ಆಸುಪಾಸು ಇರುತ್ತದೆ. ಹಾಗಾಗಿ 1–2 ಕಿಲೋ ಮಿತಿಯದ್ದು ನಿಶ್ಚಿಂತೆ.

ಎರಡನೆಯದು ವೇಗ. ಕೊನೆಯ ಹೊತ್ತಿಗೆ ಕಾಫಿ ಸೆಕೆಂಡಿಗೆ ಸುಮಾರು 2 ಗ್ರಾಂ ಬೀಳುತ್ತಿರುತ್ತದೆ. ತಕ್ಕಡಿ ಒಂದು ಸೆಕೆಂಡ್ ತಡವಾಗಿ ತೋರಿಸಿದರೆ ಅಷ್ಟೂ ತಪ್ಪು. ಜೊತೆಗೆ ಪಂಪ್ ನಿಲ್ಲಿಸಿದ ಮೇಲೂ ಕೆಲವು ಹನಿ ಬೀಳುತ್ತವೆ. ನಾನು 34ಕ್ಕೇ ನಿಲ್ಲಿಸುತ್ತೇನೆ, ಅದು 36ಕ್ಕೆ ಬಂದು ಕೂರುತ್ತದೆ.

ಮೂರನೆಯದು ಅಳತೆ. ಗ್ರಾಂ ಅಲ್ಲ, ಸೆಂಟಿಮೀಟರ್! ಯಂತ್ರದ ಹನಿತಟ್ಟೆಯ ಉದ್ದಗಲ, ಲೋಟದ ಎತ್ತರ, ಮೇಲೆ ಉಳಿಯುವ ಜಾಗ, ಎಲ್ಲವನ್ನೂ ಸ್ಕೇಲ್ ಹಿಡಿದು ಅಳೆದ ಮೇಲೆಯೇ ಆರ್ಡರ್ ಮಾಡಿ. ಚಂದದ ತಕ್ಕಡಿ ಬಂದು, ಅದರ ಮೇಲೆ ಲೋಟ ಇಟ್ಟರೆ ಯಂತ್ರದ ಕೆಳಗೆ ತೂರದಿದ್ದರೆ ಪ್ರಯೋಜನವಿಲ್ಲ.

ಇನ್ನುಳಿದವು ಚಿಕ್ಕವು, ಆದರೆ ದಿನವೂ ಕಾಡುವಂಥವು. ತಾನಾಗಿ ಆಫ್ ಆಗುವ ಸಮಯ ತೀರಾ ಕಡಿಮೆಯಿದ್ದರೆ ನೀವು ಪುಡಿ ಒತ್ತುವಷ್ಟರಲ್ಲಿ ಪರದೆ ಆರಿಹೋಗಿರುತ್ತದೆ. ಟೈಮರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಇದೆ. ಚಾರ್ಜಿಂಗ್ ಕಿಂಡಿಗೆ ನೀರು ಹೋಗದಂತೆ ಮುಚ್ಚಳವಿರಲಿ. ಬಿಸಿ ಲೋಟದ ಶಾಖಕ್ಕೆ ಅಂಕಿ ಜಾರುತ್ತದೆ, ನಡುವೆ ಸಿಲಿಕೋನ್ ಹಾಸು ಇಡಿ.

ಮನೆಗೆ ಬಂದ ಮೇಲೆ ಮೂರು ಪರೀಕ್ಷೆ

ಒಂದು, 10 ರೂಪಾಯಿ ನಾಣ್ಯ ಇಡಿ. ಅದು ಸುಮಾರು 7.7 ಗ್ರಾಂ. ಸವೆದ ನಾಣ್ಯ ಬೇಡ, ಹೊಸದು ಹುಡುಕಿ.

ಎರಡು, ಅದೇ ನಾಣ್ಯವನ್ನು ನಾಲ್ಕು ಮೂಲೆಯಲ್ಲೂ ನಡುವೆಯೂ ಇಟ್ಟು ನೋಡಿ. ಅಂಕಿ ಬದಲಾಗಬಾರದು.

ಮೂರನೆಯದು ಮುಖ್ಯ. ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಚಮಚದಿಂದ ನೀರನ್ನು ಒಂದೊಂದೇ ಹನಿಯಾಗಿ ಬಿಡಿ. ಕೆಲವು ತಕ್ಕಡಿಗಳು ಸಣ್ಣ ಬದಲಾವಣೆಯನ್ನು ದೋಷವೆಂದು ತಿಳಿದು ಮತ್ತೆ ಮತ್ತೆ ಸೊನ್ನೆಗೆ ತಂದುಕೊಳ್ಳುತ್ತವೆ. ಹತ್ತು ಹನಿ ಬಿದ್ದರೂ 0.0 ಎನ್ನುತ್ತಿದ್ದರೆ ಎಸ್‌ಪ್ರೆಸ್ಸೋದ ಮೊದಲ ಹನಿಗಳನ್ನೂ ಅದು ನುಂಗುತ್ತದೆ. ವಾಪಸ್ ಕಳಿಸಿ.

ದುಡ್ಡಿನ ಮಾತು

ಕೆಲವು ನೂರು ರೂಪಾಯಿಯ ಪಾಕೆಟ್ ತಕ್ಕಡಿಯಿಂದ ಹಿಡಿದು, ಎಸ್‌ಪ್ರೆಸ್ಸೋಗೆಂದೇ ಮಾಡಿದ, ಬ್ಲೂಟೂತ್ ಇರುವ ಅಕಾಯಾ ಲೂನಾರ್‌ನಂಥ ಹತ್ತಾರು ಸಾವಿರದ ತಕ್ಕಡಿಯವರೆಗೂ ಸಿಗುತ್ತವೆ. ದುಬಾರಿಯದ್ದು ವೇಗವಾಗಿದೆ, ನೀರಿಗೆ ಹೆದರುವುದಿಲ್ಲ. ಆದರೆ ದಿನಕ್ಕೆ ಎರಡು ಕಾಫಿ ಮಾಡುವ ಮನೆಗೆ ಮೇಲಿನ ಪರೀಕ್ಷೆ ಪಾಸಾದ ಅಗ್ಗದ್ದೇ ಸಾಕು. ಉಳಿದ ಹಣವನ್ನು ಒಳ್ಳೆಯ ಗ್ರೈಂಡರಿಗೆ ಇಡಿ, ರುಚಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದು ಅಲ್ಲಿ.

ತಕ್ಕಡಿಯೊಂದೇ ಕಾಫಿಯನ್ನು ರುಚಿ ಮಾಡುವುದಿಲ್ಲ. ನಿನ್ನೆ ಏನು ಮಾಡಿದೆವು ಎಂಬುದನ್ನು ಇವತ್ತು ಮತ್ತೆ ಮಾಡಲು ಬಿಡುತ್ತದೆ, ಅಷ್ಟೆ. 250 ಗ್ರಾಂ ಪೊಟ್ಟಣದಲ್ಲಿ ಇರುವುದೇ ಹದಿಮೂರು ಹದಿನಾಲ್ಕು ಕಾಫಿ. ಅಂದಾಜಿನಲ್ಲಿ ಐದಾರು ಸಿಂಕಿಗೆ ಸುರಿದರೆ, ಸುರಿದದ್ದು ಯಾರೋ ಒಬ್ಬರ ಒಂದು ವರ್ಷದ ದುಡಿಮೆಯ ಪಾಲು.

ಹೊಸ ತಕ್ಕಡಿಯಲ್ಲಿ ಅಳೆದು, ಭಾವನ ಪೊಟ್ಟಣದಲ್ಲಿ ಉಳಿದಿದ್ದ ಬೀಜದಿಂದಲೇ ನಾಲ್ಕು ದಿನ ಒಂದೇ ರುಚಿಯ ಕಾಫಿ ತೆಗೆದ ಮೇಲೆ ಮತ್ತೆ ಫೋನ್ ಮಾಡಿದೆ. "ಭಾವ, ಬೀಜ ಚೆನ್ನಾಗೇ ಇತ್ತು, ಅಳೆಯೋಕೆ ಬರದೇ ಇದ್ದದ್ದು ನನಗೆ" ಎಂದೆ. ಅವರು ನಕ್ಕರು. ಆಮೇಲೆ ಹೇಳಿದರು, ನನ್ನ ಮಾತು ಕೇಳಿ ಹುರಿಯುವವನನ್ನೇ ಬದಲಿಸಲು ಹೊರಟಿದ್ದರಂತೆ.