ಒಂದು ಗಾಲಿಗಿಂತ ಕಡಿಮೆ ಅಂತರ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ. ಆಟದ ನಿಯಮವೇ ಹಾಗೆ. ಗೇರ್ ಕೂಡ ಒಂದೇ. 500 ಸಿಸಿ ಎಂಜಿನ್, ಅದಕ್ಕೆ ಮೆಥನಾಲ್ ಇಂಧನ, ಸಡಿಲ ಪುಡಿ (ಮೊದಲ ಕಾಲದಲ್ಲಿ ಕಿಟ್ಟದ್ದು) ಹಾಸಿದ ಮೊಟ್ಟೆಯಾಕಾರದ ಟ್ರ್ಯಾಕ್, ನಾಲ್ವರು ಸವಾರರು, ನಾಲ್ಕು ಸುತ್ತು. ಮುಗಿಯಲು ಒಂದೂಕಾಲು ನಿಮಿಷ ಸಾಕು. ತಿರುವು ಬಂದಾಗ ನಮ್ಮ ಕೈ ತಾನಾಗಿ ಥ್ರಾಟಲ್ ಸಡಿಲಿಸುತ್ತದೆ. ಸ್ಪೀಡ್‌ವೇ ಸವಾರ ಅಲ್ಲಿಯೇ ಅದನ್ನು ಹಿಂಡುತ್ತಾನೆ. ಹಿಂದಿನ ಚಕ್ರ ಹಿಡಿತ ತಪ್ಪಿ ಹೊರಗೆ ಜಾರುತ್ತದೆ. ಹ್ಯಾಂಡಲ್ಲನ್ನು ಬಲಕ್ಕೆ ಒತ್ತಿ, ಉಕ್ಕಿನ ಅಟ್ಟೆ ತೊಟ್ಟ ಎಡಗಾಲನ್ನು ನೆಲಕ್ಕೆ ಉಜ್ಜುತ್ತ, ಆ ಜಾರಿಕೆಯ ಮೇಲೆಯೇ ಅವನು ಎಡಕ್ಕೆ ಹೊರಳುತ್ತಾನೆ. ಬೀಳುವುದನ್ನು ಬೀಳದಂತೆ ಮುಂದೂಡುತ್ತ ಹೋಗುವ ವಿದ್ಯೆ ಇದು.

ಈ ವಿದ್ಯೆಯಲ್ಲಿ ಇಂಗ್ಲೆಂಡಿನ ಮೊದಲ ತಲೆಮಾರಿನ ದೊಡ್ಡ ಹೆಸರುಗಳಲ್ಲಿ ಒಂದು ಎರಿಕ್ ಲ್ಯಾಂಗ್ಟನ್. 1907ರಲ್ಲಿ ಹುಟ್ಟಿದವನು, ಲೀಡ್ಸ್ ಊರಿನವನು. ಅಣ್ಣತಮ್ಮಂದಿರಾದ ಎರಿಕ್ ಮತ್ತು ಆಲಿವರ್ ಇಬ್ಬರಿಗೂ ಮೋಟಾರ್ ಸೈಕಲ್ ಹುಚ್ಚು. ಆದರೆ ಅವರಿಗೆ ಮೀಸೆ ಚಿಗುರುವ ಕಾಲಕ್ಕೆ ಇಂಗ್ಲೆಂಡಿನಲ್ಲಿ ಈ ಆಟವೇ ಇರಲಿಲ್ಲ. ಅದು ಆಸ್ಟ್ರೇಲಿಯಾದಲ್ಲಿ ಬೆಳೆಯುತ್ತಿತ್ತು. ವೆಸ್ಟ್ ಮೈಟ್‌ಲ್ಯಾಂಡ್ ಎಂಬ ಊರಿನ ಕೃಷಿ ಮೇಳದ ಮೈದಾನದಲ್ಲಿ 1923ರ ಡಿಸೆಂಬರ್‌ನಲ್ಲಿ ಜಾನಿ ಹಾಸ್ಕಿನ್ಸ್ ಎಂಬಾತ ವಿದ್ಯುದ್ದೀಪಗಳ ಬೆಳಕಿನಲ್ಲಿ ಬೈಕ್ ಓಡಿಸಿ ಜನ ಸೇರಿಸಿದ್ದ. ಅಲ್ಲಿಂದ ಹಡಗು ಹತ್ತಿ ಬಂದ ಸವಾರರೇ ಇಂಗ್ಲಿಷರಿಗೆ ಗುರುಗಳು.

ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲು ಒಂದೆರಡು ಕಡೆ ಪ್ರಯತ್ನ ನಡೆದಿತ್ತು. ಆದರೆ ಊರಿಗೆ ಊರೇ ತಿರುಗಿ ನೋಡಿದ್ದು 1928ರ ಫೆಬ್ರವರಿ 19ರ ಭಾನುವಾರ. ಲಂಡನ್ ಪಕ್ಕದ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ, ಕಿಂಗ್ಸ್ ಓಕ್ ಎಂಬ ಹೋಟೆಲಿನ ಹಿತ್ತಿಲಲ್ಲಿ, ಇಲ್ಫರ್ಡ್‌ನ ಮೋಟಾರ್ ಸೈಕಲ್ ಕ್ಲಬ್ಬಿನವರು ಒಂದು ಪಂದ್ಯ ಇಟ್ಟುಕೊಂಡರು. ಮೂರು ಸಾವಿರ ಜನ ಬಂದರೆ ಹೆಚ್ಚು ಅಂದುಕೊಂಡಿದ್ದವರಿಗೆ ಅದರ ಹಲವು ಪಟ್ಟು ಜನ ಎದುರಾದರು. ನಿಲ್ಲಲು ಜಾಗವಿಲ್ಲದೆ ಟ್ರ್ಯಾಕಿನ ಒಳಬದಿಯಲ್ಲೂ ಜನ ತುಂಬಿಕೊಂಡರು. ಅವರಿಗೂ ಬೈಕುಗಳಿಗೂ ನಡುವೆ ಬರೀ ಹಗ್ಗ. ಆ ದಿನ ಯಾರೂ ಸಾಯಲಿಲ್ಲ ಎಂಬುದು ನನಗೆ ಈಗಲೂ ಪವಾಡವಾಗಿ ಕಾಣುತ್ತದೆ.

ಆಮೇಲೆ ತಡವಾಗಲಿಲ್ಲ. ಅದೇ ವರ್ಷ ಊರೂರಿಗೆ ಟ್ರ್ಯಾಕ್ ಬಂತು. ಲೀಡ್ಸ್‌ನಲ್ಲಿ ಎಲ್ಲಂಡ್ ರೋಡ್ ಫುಟ್‌ಬಾಲ್ ಮೈದಾನದ ಪಕ್ಕದ ಫುಲ್ಲರ್ಟನ್ ಪಾರ್ಕ್‌ನಲ್ಲಿ ಲ್ಯಾಂಗ್ಟನ್ ಸಹೋದರರು ಕಿಟ್ಟದ ಪುಡಿಯ ರುಚಿ ಕಂಡರು. 1929ರಲ್ಲಿ ಲೀಗ್‌ಗಳು ಶುರುವಾದವು. ಮುಂದೆ ಎರಿಕ್ ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ತಂಡ ಸೇರಿದ. ಬೆಲ್ ವ್ಯೂ ಎಂದರೆ ಆ ಕಾಲದ ದುಡಿಯುವ ಜನರ ಜಾತ್ರೆ: ಒಂದು ಕಡೆ ಮೃಗಾಲಯ, ಒಂದು ಕಡೆ ಉಯ್ಯಾಲೆ, ತೊಟ್ಟಿಲು, ಮಗ್ಗುಲಲ್ಲೇ ಈ ಆಟಕ್ಕೆಂದೇ ಕಟ್ಟಿ 1929ರ ಮಾರ್ಚ್‌ನಲ್ಲಿ ತೆರೆದ ಹೈಡ್ ರೋಡ್ ಕ್ರೀಡಾಂಗಣ. ವಾರವೆಲ್ಲ ಗಿರಣಿಯಲ್ಲಿ ದುಡಿದವರು ಶನಿವಾರ ಇಲ್ಲಿ ಬಂದು ಗಂಟಲು ಬಿರಿಯುವಂತೆ ಕೂಗುತ್ತಿದ್ದರು. 1933ರಿಂದ 1936ರವರೆಗೆ ಸತತ ನಾಲ್ಕು ವರ್ಷ ನ್ಯಾಷನಲ್ ಲೀಗ್ ಬೆಲ್ ವ್ಯೂ ತಂಡದ್ದೇ.

ಆಗಿನ್ನೂ ವಿಶ್ವ ಚಾಂಪಿಯನ್‌ಷಿಪ್ ಇರಲಿಲ್ಲ. ಲಂಡನ್ನಿನ ಸಂಜೆ ಪತ್ರಿಕೆ ‘ದಿ ಸ್ಟಾರ್’ ನಡೆಸುತ್ತಿದ್ದ ಪಂದ್ಯವೇ ಸವಾರರ ಪಾಲಿಗೆ ಶಿಖರ. 1932ರಲ್ಲಿ ಅದನ್ನು ಲ್ಯಾಂಗ್ಟನ್ ಗೆದ್ದ. ಮರುವರ್ಷ ಗೆದ್ದವನು ಟಾಮ್ ಫಾರ್ನ್‌ಡನ್. ಆ ಹುಡುಗ 1935ರ ಆಗಸ್ಟ್‌ನಲ್ಲಿ ನ್ಯೂ ಕ್ರಾಸ್ ಟ್ರ್ಯಾಕ್‌ನಲ್ಲಿ ಬಿದ್ದು ಸತ್ತ. ಮೊದಲ ವಿಶ್ವ ಚಾಂಪಿಯನ್‌ಷಿಪ್ ಅವನ ಕಣ್ಣಿಗೆ ಬೀಳಲೇ ಇಲ್ಲ.

ಅದು ನಡೆದದ್ದು 1936ರ ಸೆಪ್ಟೆಂಬರ್ 10ರಂದು, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, 74,000 ಜನರ ಎದುರು. ಹೋಟೆಲಿನ ಹಿತ್ತಿಲಿನಿಂದ ಇಲ್ಲಿಗೆ ಬರಲು ಆಟಕ್ಕೆ ಎಂಟೂವರೆ ವರ್ಷ ಸಾಕಾಗಿತ್ತು. ಲೆಕ್ಕ ಮಾತ್ರ ವಿಚಿತ್ರವಾಗಿತ್ತು. ಗೆದ್ದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1. ಒಬ್ಬೊಬ್ಬನಿಗೆ ಐದು ಓಟ. ಇದರ ಮೇಲೆ ಅರ್ಹತಾ ಸುತ್ತಿನಿಂದ ಗಂಟು ಕಟ್ಟಿಕೊಂಡು ಬಂದ ಬೋನಸ್ ಅಂಕಗಳು. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಐದಕ್ಕೆ ಐದನ್ನೂ ಗೆದ್ದ. ಪೂರ್ತಿ 15. ಬೋನಸ್ 10 ಸೇರಿ 25. ಅವನದೇ ದೇಶದ ಲಯೊನೆಲ್ ವ್ಯಾನ್ ಪ್ರಾಗ್ 14ಕ್ಕೆ 12 ಸೇರಿಸಿ 26. ಲ್ಯಾಂಗ್ಟನ್ 13ಕ್ಕೆ 13 ಸೇರಿಸಿ ಅವನೂ 26. ಆ ರಾತ್ರಿ ಒಬ್ಬರಿಗೂ ಸೋಲದವನು ಮೂರನೆಯ ಸ್ಥಾನದಲ್ಲಿ ನಿಂತು ನೋಡಬೇಕಾಯಿತು. ಇದು ಅನ್ಯಾಯ, ನಿಯಮದ ಪ್ರಕಾರ ನಡೆಯಿತೆಂದು ಅನ್ಯಾಯ ಕಡಿಮೆಯಾಗುವುದಿಲ್ಲ.

ಸಮ ಆದವರಿಬ್ಬರಿಗೆ ಇನ್ನೊಂದು ಓಟ. ಇಬ್ಬರೂ ಟೇಪ್ ಮುಂದೆ ಬಂದು ನಿಂತರು. ಆಟದ ಮೊದಲ ವರ್ಷಗಳಲ್ಲಿ ಬೈಕುಗಳು ಓಡುತ್ತಲೇ ಬಂದು ಗೆರೆ ದಾಟಿ ಶುರು ಮಾಡುತ್ತಿದ್ದವು. ಸಾಲು ತಪ್ಪುವುದು, ಮತ್ತೆ ಕರೆಯುವುದು, ಜಗಳ. 1930ರ ದಶಕದ ಮೊದಲ ವರ್ಷಗಳಲ್ಲಿ ಮೇಲಕ್ಕೆ ಚಿಮ್ಮುವ ಟೇಪ್ ಬಂದ ಮೇಲೆ ಎಲ್ಲರೂ ನಿಂತ ಜಾಗದಿಂದಲೇ ಹೊರಡಬೇಕು. ಮೊದಲ ತಿರುವಿಗೆ ಮೊದಲು ತಲುಪಿದವನು ಅರ್ಧ ಗೆದ್ದಂತೆ. ಹಿಂದಿನವನ ಕಣ್ಣಿಗೆ ಬರೀ ಕಿಟ್ಟದ ಮಳೆ. ಹಾಗಾಗಿ ಕ್ಲಚ್ ಮೇಲಿನ ಬೆರಳು ಎಷ್ಟು ಹೊತ್ತು ತಡೆದೀತು ಎಂಬುದರ ಮೇಲೆ ಎಲ್ಲವೂ ನಿಂತಿತ್ತು.

ಲ್ಯಾಂಗ್ಟನ್ ತಡೆಯಲಿಲ್ಲ. ಟೇಪ್ ಏಳುವ ಮೊದಲೇ ಅದನ್ನು ಹರಿದುಕೊಂಡು ನುಗ್ಗಿದ. ಹಾಗೆ ಮಾಡಿದವನು ಹೊರಗೆ. ಕಿರೀಟ ವ್ಯಾನ್ ಪ್ರಾಗ್ ತಲೆಯ ಮೇಲೆ ತಾನಾಗಿ ಬಂದು ಕೂರಬೇಕಿತ್ತು. ಅವನು ಒಪ್ಪಲಿಲ್ಲ. ಓಡದೆ ಗೆಲ್ಲುವುದು ತನಗೆ ಬೇಡ, ಮತ್ತೊಮ್ಮೆ ಶುರುವಾಗಲಿ ಎಂದ. ಕ್ರೀಡೆಯ ಚರಿತ್ರೆಯಲ್ಲಿ ಇಂಥ ದೊಡ್ಡ ಮನಸ್ಸು ನಾನು ಹೆಚ್ಚು ಕಂಡಿಲ್ಲ.

ಎರಡನೆಯ ಸಲ ಲ್ಯಾಂಗ್ಟನ್ ತಪ್ಪಲಿಲ್ಲ. ಮೊದಲ ತಿರುವು ಅವನದು. ಎರಡನೆಯ ಸುತ್ತು, ಮೂರನೆಯ ಸುತ್ತು ಅವನವು. ನಾಲ್ಕನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಸಿಕ್ಕ ಸಣ್ಣ ಸಂದಿನೊಳಗೆ ವ್ಯಾನ್ ಪ್ರಾಗ್ ಬೈಕನ್ನು ತೂರಿಸಿಬಿಟ್ಟ. ಗೆರೆ ದಾಟುವಾಗ ಇಬ್ಬರ ನಡುವಿನ ಅಂತರ ಒಂದು ಗಾಲಿಗಿಂತ ಕಡಿಮೆ.

ಮೊದಲ ತಿರುವಿಗೆ ಮುಂಚೆ ಬಂದವನೇ ಗೆಲ್ಲಲಿ, ಹಣ ಹಂಚಿಕೊಳ್ಳೋಣ ಎಂದು ಇಬ್ಬರೂ ಒಳಗೊಳಗೆ ಮಾತಾಡಿಕೊಂಡಿದ್ದರೆಂದೂ, ಮಾತು ಮುರಿದ ವ್ಯಾನ್ ಪ್ರಾಗ್ ಆಮೇಲೆ ಮನಸ್ಸು ಚುಚ್ಚಿ ಲ್ಯಾಂಗ್ಟನ್‌ಗೆ 50 ಪೌಂಡ್ ಕೊಟ್ಟನೆಂದೂ ಒಂದು ಆರೋಪ ಆ ರಾತ್ರಿಯ ಬೆನ್ನು ಬಿಟ್ಟಿಲ್ಲ. ನನ್ನ ಮನಸ್ಸು ಅದನ್ನು ಒಪ್ಪಲು ಹಿಂಜರಿಯುತ್ತದೆ.

ವಿಲ್ಕಿನ್ಸನ್ 1938ರಲ್ಲಿ ಚಾಂಪಿಯನ್ ಆದ. ವ್ಯಾನ್ ಪ್ರಾಗ್ ಯುದ್ಧಕಾಲದಲ್ಲಿ ವಿಮಾನ ಚಾಲಕನಾಗಿದ್ದಾಗ ಜಾರ್ಜ್ ಪದಕ ಪಡೆದ. ಲ್ಯಾಂಗ್ಟನ್‌ಗೆ ವಿಶ್ವ ಕಿರೀಟ ದಕ್ಕಲೇ ಇಲ್ಲ. ಯುದ್ಧ ಮುಗಿದ ಮೇಲೂ ಬೆಲ್ ವ್ಯೂ ಪರವಾಗಿ ಓಡಿಸಿ, ಕೊನೆಗೆ ಆಸ್ಟ್ರೇಲಿಯಾಕ್ಕೇ ಹೋಗಿ ಪರ್ತ್‌ನಲ್ಲಿ ನೆಲೆಸಿದ. ತನ್ನನ್ನು ಸೋಲಿಸಿದವನ ನಾಡಿನಲ್ಲಿ 2001ರವರೆಗೆ ಬದುಕಿದ.

ಯುದ್ಧದಿಂದ ನಿಂತಿದ್ದ ಚಾಂಪಿಯನ್‌ಷಿಪ್ 1949ರಲ್ಲಿ ಮತ್ತೆ ವೆಂಬ್ಲಿಗೆ ಬಂತು. ಈ ಸಲ ಬೋನಸ್ ಅಂಕ ಇರಲಿಲ್ಲ. ಐದು ಓಟಗಳನ್ನೂ ಗೆದ್ದು, 15ಕ್ಕೆ 15 ಪಡೆದು, ಟಾಮಿ ಪ್ರೈಸ್ ಇಂಗ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಆದ.