ವಿವಿ ಸಂಶೋಧನಾ ದತ್ತಿನಿಧಿಗೆ ದುಡ್ಡು ಕೊಡ್ತೀರಾ? ಮೊದಲು ಇದನ್ನು ಓದಿ

ತಂದೆಯ ಹೆಸರು ಉಳಿಯಲಿ ಅಂತ ನಮ್ಮ ಪೇಟೆ ಬೀದಿಯ ದಿನಸಿ ಅಂಗಡಿ ಮಾಲೀಕರೊಬ್ಬರು ವಿಶ್ವವಿದ್ಯಾಲಯವೊಂದರ ಸಂಶೋಧನಾ ದತ್ತಿನಿಧಿಗೆ 1 ಲಕ್ಷ ರೂ. ಕೊಟ್ಟರು. ಪೂರ್ತಿ ನಗದು. ರಸೀದಿಯೂ ಸಿಕ್ಕಿತು. ರಿಟರ್ನ್ಸ್ ಹಾಕುವಾಗ ಆಡಿಟರ್, 'ಇದರಲ್ಲಿ ಒಂದು ರೂಪಾಯಿಯೂ ಕಳೆಯೋಕೆ ಬರಲ್ಲ ಸ್ವಾಮಿ' ಅಂದರಂತೆ. ದಾನ ತಪ್ಪಲ್ಲ, ಕೊಟ್ಟ ರೀತಿ ತಪ್ಪಾಗಿತ್ತು.

ದತ್ತಿನಿಧಿ ಅಂದ್ರೆ ಏನು?

ಅಸಲು ಹಾಗೇ ಠೇವಣಿಯಲ್ಲಿರುತ್ತೆ. ಬಡ್ಡಿಯಲ್ಲಿ ಮಾತ್ರ ಫೆಲೋಶಿಪ್, ಉಪನ್ಯಾಸ, ಚಿನ್ನದ ಪದಕ ನಡೆಯುತ್ತೆ. 1 ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 7,000 ರೂ. ಬರುತ್ತೆ. ಅಂದ್ರೆ ಸಂಶೋಧನಾ ವಿದ್ಯಾರ್ಥಿಗೆ ತಿಂಗಳಿಗೆ 600 ರೂ. ಕೂಡ ಆಗಲ್ಲ. ಆದ್ದರಿಂದ ಕುಟುಂಬದವರು, ಊರಿನವರು ಸೇರಿ ಮೊತ್ತ ದೊಡ್ಡದು ಮಾಡಿದರೆ ಒಳ್ಳೇದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದೂ ಜೆ.ಎನ್. ಟಾಟಾ ಅವರ ದಾನ ಮತ್ತು ಮೈಸೂರು ಅರಸರು ಕೊಟ್ಟ ಜಮೀನಿನಿಂದಲೇ.

ನಗದು ಕೊಡಬಹುದಾ?

ಕೊಡಬಹುದು, ಆದರೆ 80ಜಿ ಅಡಿ 2,000 ರೂ. ದಾಟಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸುರಕ್ಷಿತ.

ತೆರಿಗೆ ಉಳಿಯುತ್ತಾ?

* ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ, 80ಜಿಜಿಎ ಎರಡೂ ಇಲ್ಲ. ಹಳೇ ಪದ್ಧತಿಗೆ ಮಾತ್ರ.
* ಸಂಶೋಧನೆಗೆ ಅಂತಲೇ ಸರ್ಕಾರ ಅನುಮೋದಿಸಿದ ಸಂಸ್ಥೆಗೆ ಕೊಟ್ಟರೆ ಸಂಬಳದಾರರಿಗೆ 80ಜಿಜಿಎ ಅಡಿ ಪೂರ್ತಿ ಮೊತ್ತ ಕಳೆಯುತ್ತೆ. ಇಲ್ಲೂ ನಗದಿಗೆ 2,000 ರೂ. ಮಿತಿ.
* ವ್ಯಾಪಾರದ ಆದಾಯ ಇದ್ದವರಿಗೆ 80ಜಿಜಿಎ ಇಲ್ಲ, ಸೆಕ್ಷನ್ 35 ಇದೆ. ಆದರೆ ಲೆಕ್ಕಪುಸ್ತಕ ಇಡದೆ 44ಎಡಿ ಅಡಿ ಅಂದಾಜು ಲಾಭ ತೋರಿಸುವ ಅಂಗಡಿಯವರಿಗೆ ಸೆಕ್ಷನ್ 35 ಕೂಡ ಪ್ರತ್ಯೇಕ ಸಿಗಲ್ಲ. ಅವರಿಗೆ ಉಳಿಯೋದು 80ಜಿ ಮಾತ್ರ.

ಇವು 1961ರ ಕಾಯ್ದೆಯ ಸೆಕ್ಷನ್‌ಗಳು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ನಂಬರ್‌ಗಳೂ ಬೇರೆ. ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮಗ ಫಾರಿನ್‌ನಲ್ಲಿದ್ದರೆ?

ಭಾರತದ ಪಾಸ್‌ಪೋರ್ಟ್ ಇದ್ದು ತನ್ನ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ ನಿಯಮ ಅನ್ವಯಿಸುತ್ತೆ. ವಿವಿಗೆ ಆ ಹಣ ಪಡೆಯುವ ಅವಕಾಶ ಇದೆಯಾ ಅಂತ ಮೊದಲೇ ವಿಚಾರಿಸಿ.

ಕೊಡುವಾಗ ಏನು ಕೇಳಬೇಕು?

ವಿವಿಯ ಅನುಮೋದನೆ ಪತ್ರದ ಪ್ರತಿ ಕೇಳಿ. ಪ್ಯಾನ್ ನಂಬರ್ ಕೊಟ್ಟು, ರಸೀದಿ ಜೊತೆ 10ಬಿಇ ಪ್ರಮಾಣಪತ್ರ ಪಡೆಯಿರಿ, ಬರೀ ರಸೀದಿ ಸಾಲಲ್ಲ. ಬಡ್ಡಿ ಯಾವುದಕ್ಕೆ ಖರ್ಚಾಗಬೇಕು, ಸಾಲದಿದ್ದರೆ ಏನು ಮಾಡಬೇಕು, ವರ್ಷಕ್ಕೊಮ್ಮೆ ಲೆಕ್ಕ ಯಾರಿಗೆ ಕಳಿಸಬೇಕು, ಎಲ್ಲವನ್ನೂ ಒಪ್ಪಂದದಲ್ಲಿ ಬರೆಸಿ. ಬಾಯಿಮಾತು ಕುಲಸಚಿವರು ಬದಲಾದ ಮೇಲೆ ಉಳಿಯಲ್ಲ.

ಅಂದ ಹಾಗೆ, ಆ ಅಂಗಡಿ ಮಾಲೀಕರು ತಾಯಿಯ ಹೆಸರಲ್ಲಿ ಇನ್ನೊಂದು ದತ್ತಿ ಇಡ್ತಾರಂತೆ. ಈ ಸಲ ಚೆಕ್‌ನಲ್ಲಿ.